ಗಾಳಿ ತುಂಬಿಸಿ ಓಡಿಸೋ ಕಾರು ಎಲ್ಲಿ ಹೋಯ್ತು?

ಹೊಗೆಬೇಡ: ಎಲ್ರಿಗೂ ನಮಸ್ಕಾರ. 2007ರಲ್ಲಿ ಟಾಟಾ ಮೋಟಾರ್ಸ್‌ನವ್ರು ಫ್ರಾನ್ಸಿನ ಎಂಜಿನಿಯರ್ ಗೀ ನೆಗ್ರ್ ಅವರ ಎಂಡಿಐ ಕಂಪನಿ ಜೊತೆ ಒಪ್ಪಂದ ಮಾಡ್ಕೊಂಡಿದ್ರು, ಒತ್ತಿ ತುಂಬಿಸಿದ ಗಾಳಿಯಿಂದಲೇ ಕಾರು ಓಡುತ್ತೆ ಅಂತ. ಆಗ ನಾನು ಹೈಸ್ಕೂಲು, ಪೇಪರಲ್ಲಿ ಬಂದಿದ್ದನ್ನ ಕತ್ತರಿಸಿ ಇಟ್ಕೊಂಡಿದ್ದೆ, ಇವತ್ತೂ ಇದೆ. ಪೆಟ್ರೋಲ್ ಬೇಡ, ಹೊಗೆ ಇಲ್ಲ, ಸೈಲೆನ್ಸರಿಂದ ಬರೋದು ತಣ್ಣನೆ ಗಾಳಿ ಅಷ್ಟೇ. ಆದ್ರೆ ಆ ಕಾರು ರೋಡಿಗೆ ಬರ್ಲೇ ಇಲ್ಲ. ಪೆಟ್ರೋಲ್ ಕಂಪನಿಗಳೇ ತುಳಿದು ಹಾಕಿದ್ವು ಅಂತಾರೆ, ನಿಜಾನಾ, ಇಲ್ಲ ಎಂಜಿನ್ನಲ್ಲೇ ಏನಾದ್ರೂ ತೊಂದರೆ ಇತ್ತಾ? ತಿಳಿದವ್ರು ಹೇಳಿ ಪ್ಲೀಸ್.

ಲೆಕ್ಕದ_ಮೇಷ್ಟ್ರು: ಯಾರೂ ತುಳಿಯೋ ಅಗತ್ಯಾನೇ ಇರ್ಲಿಲ್ಲ ಕಣಪ್ಪ. ಗಾಳಿ ಇಂಧನ ಅಲ್ಲ, ಬ್ಯಾಟರಿ ಥರ ಅದೂ ಒಂದು ಸ್ಟೋರೇಜು, ಮೊದಲು ಕರೆಂಟ್ ಹಾಕಿ ತುಂಬಿಸ್ಬೇಕು. 300 ಲೀಟರ್ ಟ್ಯಾಂಕಿಗೆ 300 ಬಾರ್ ಒತ್ತಡದಲ್ಲಿ (ಅಂದ್ರೆ ಹೊರಗಿನ ಗಾಳಿ ಒತ್ತಡದ ಸುಮಾರು 300 ಪಟ್ಟು) ತುಂಬಿದ್ರೆ ಎಲ್ಲಾ ಸರಿಯಾಗಿ ನಡೆದ್ರೂ ಸಿಗೋದು ಹೆಚ್ಚೆಂದ್ರೆ 14 ಯೂನಿಟ್ ಶಕ್ತಿ (ಕರೆಂಟ್ ಬಿಲ್ಲಿನ ಯೂನಿಟ್ಟೇ), ಒಂದೇ ಲೀಟರ್ ಪೆಟ್ರೋಲಲ್ಲಿ ಸುಮಾರು 9 ಯೂನಿಟ್ ಶಾಖ ಇರುತ್ತೆ, ನೋಡು ವ್ಯತ್ಯಾಸ. ಸೈಕಲ್ ಪಂಪ್ ಹೊಡೆಯುವಾಗ ಅದರ ತಳ ಮುಟ್ಟಿ ನೋಡಿದೀಯಾ, ಬಿಸಿ ಆಗಿರುತ್ತೆ, ನೀನು ಹಾಕಿದ ಶಕ್ತಿ ಅಲ್ಲೇ ಶಾಖವಾಗಿ ಹೋಗ್ತಾ ಇರೋದು. ಆಮೇಲೆ ಎಂಜಿನ್ನಲ್ಲಿ ಗಾಳಿ ಹಿಗ್ಗುವಾಗ ಉಲ್ಟಾ, ಸಿಕ್ಕಾಪಟ್ಟೆ ತಣ್ಣಗಾಗುತ್ತೆ, ಹೊರಗಿಂದ ಶಾಖ ಕೊಡದಿದ್ರೆ ಆ 14ರಲ್ಲಿ ಅರ್ಧನೂ ಕೈಗೆ ಬರಲ್ಲ. 14 ಯೂನಿಟ್ಟಿನ ಲಿಥಿಯಂ ಬ್ಯಾಟರಿ ಹತ್ತತ್ರ 100 ಕೆಜಿ ಬರುತ್ತೆ, ಹಾಕಿದ್ದರಲ್ಲಿ ಬಹುಪಾಲು ವಾಪಸ್ ಕೊಡುತ್ತೆ. ಕಾರು ಸೋತಿದ್ದು ಇಲ್ಲಿ.

ಸ್ಪ್ಯಾನರ್12: ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿ, ನಾನು ದಿನಾ ಏರ್ ಗ್ರೈಂಡರ್ (ಒತ್ತಿದ ಗಾಳಿಯಿಂದ ತಿರುಗೋ ಉಜ್ಜೋ ಮೆಷಿನ್ನು) ಹಿಡಿಯೋನು, ಅರ್ಧ ಗಂಟೆ ಬಿಡದೆ ಓಡಿಸಿದ್ರೆ ಗಾಳಿ ಹೊರಗೆ ಬರೋ ಕಡೆ ಬೆರಳು ಮರಗಟ್ಟಿ ಹೋಗುತ್ತೆ, ಗಾಳೀಲಿ ತೇವ ಜಾಸ್ತಿ ಇದ್ರೆ ಆ ತೂತಿನ ಸುತ್ತ ಬೆಳ್ಳಗೆ ಮಂಜು ಕಟ್ಟುತ್ತೆ, ಅದೂ ಬರೀ 6 ಬಾರಲ್ಲಿ! ಸಂಜೆ ಕಂಪ್ರೆಸರ್ ಟ್ಯಾಂಕಿನ ಕೆಳಗಿನ ಕಾಕ್ ಬಿಟ್ರೆ ತುಕ್ಕು ಬಣ್ಣದ ನೀರು ಸುರಿಯುತ್ತೆ. 300 ಬಾರಿನ ಕಾರಲ್ಲಿ ಆ ತೇವ ವಾಲ್ವಲ್ಲೇ ಐಸ್ ಆಗಿ ಕೂತ್ರೆ ಏನ್ ಗತಿ.

ಹೊಗೆಬೇಡ: ತುಂಬಾ ಥ್ಯಾಂಕ್ಸ್, ಬೇಜಾರಾಯ್ತು ಆದ್ರೆ ಅರ್ಥ ಆಯ್ತು. ಹಾಗಾದ್ರೆ ಗಾಳೀನ ಬಿಸಿ ಮಾಡಿ ಎಂಜಿನ್ನಿಗೆ ಬಿಟ್ರೆ?

ಲೆಕ್ಕದ_ಮೇಷ್ಟ್ರು: ಒಳ್ಳೇ ಪ್ರಶ್ನೆ, ಅದನ್ನ ಮಾಡಿ ಆಗಿದೆ! ಫ್ರಾನ್ಸಿನ ನಾಂಟ್ ಊರಲ್ಲಿ 1879ರಿಂದ ಮೆಕಾರ್ಸ್ಕಿ ಅನ್ನೋರ ಗಾಳಿ ಟ್ರಾಮ್ ಮೂವತ್ತು ವರ್ಷದ ಮೇಲೆ ಓಡಿದ್ವು, ಗಾಳೀನ ಕುದಿನೀರಿನ ಪಾತ್ರೆ ಮೂಲಕ ಹಾಯಿಸಿ ಎಂಜಿನ್ನಿಗೆ ಬಿಡ್ತಿದ್ರು, ಐಸ್ ಕಾಟ ಇಲ್ಲ, ಶಕ್ತೀನೂ ಜಾಸ್ತಿ. ಟ್ರಾಮಿಗೆ ದಾರಿ ಗೊತ್ತು, ಎಲ್ಲಿ ತುಂಬಿಸ್ಬೇಕು ಅನ್ನೋದೂ ಗೊತ್ತು, ಅದಕ್ಕೇ ನಡೀತು. ಕಲ್ಲಿದ್ದಲ ಗಣೀಲೂ ಗಾಳಿ ಲೋಕೊಮೋಟಿವ್ ಬಹಳ ವರ್ಷ ಇದ್ವು, ಅಲ್ಲಿ ಮೀಥೇನ್ ಅನಿಲ ಇರುತ್ತಲ್ಲ, ಒಂದು ಕಿಡಿ ಹಾರಿದ್ರೂ ಎಲ್ಲಾರೂ ಹೋದ ಹಾಗೆ, ಗಾಳಿ ಎಂಜಿನ್ನಲ್ಲಿ ಬೆಂಕೀನೇ ಇಲ್ಲ. ನನ್ ಕೇಳಿದ್ರೆ ಇದರ ಜಾಗ ಅಂಥಾ ಕಡೆ, ಪುಟ್ಟ ದೂರ, ಗೊತ್ತಿರೋ ದಾರಿ. ಆ ಪೇಪರ್ ಕಟಿಂಗ್ ಫೋಟೋ ಹಾಕಪ್ಪ, ನಾನೂ ನೋಡ್ಬೇಕು.