ಗಾಳಿ ಮಾತ್ರ ಹೊಡೆಸಬೇಡ ಪುಟ್ಟಾ

ಪುಟ್ಟಾ, ದೊಡ್ಡಪ್ಪ ಮಾತಾಡುತ್ತಿದ್ದೇನೆ. ನಿನ್ನ ಮೆಸೇಜು ಈಗ ನೋಡಿದೆ. ಸ್ವಿಫ್ಟ್ ಕಾರಿಗೆ ಮುಂದಿನ ಬ್ರೇಕ್ ಪ್ಯಾಡ್ ಬದಲಾಯಿಸಲು ಕೂತಿದ್ದೀಯ, ಬಲಗಡೆದು ಆಯಿತು, ಎಡಗಡೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಪಿಸ್ಟನ್ ಒಳಕ್ಕೆ ಹೋಗದೆ ಕಚ್ಚಿಕೊಂಡಿದೆ, ಆ ಪಿಸ್ಟನ್ ಕೂತಿರುವ ಕ್ಯಾಲಿಪರ್ ಬಿಚ್ಚಿ ಪಂಕ್ಚರ್ ಅಂಗಡಿಗೆ ಒಯ್ದು ಗಾಳಿ ಹೊಡೆಸಿ ಈಚೆ ತೆಗೆಸಲಾ ಅಂತ ಕೇಳಿದ್ದೀಯ. ಭಾನುವಾರ ಎಲ್ಲರನ್ನೂ ದೇವರಾಯನದುರ್ಗಕ್ಕೆ ಕರೆದುಕೊಂಡು ಹೋಗಬೇಕು, ಅದಕ್ಕೇ ಅವಸರ ಅಂತ ಬೇರೆ. ಬೇಡ ಕಣೋ. ಗಾಳಿ ಹೊಡೆಸಬೇಡ. ಇದನ್ನು ಕೇಳುವಷ್ಟರಲ್ಲಿ ಅಂಗಡಿ ಹತ್ತಿರ ಹೋಗಿಬಿಟ್ಟಿದ್ದರೆ ಹಾಗೇ ವಾಪಸ್ ಬಾ.

ಗುಬ್ಬಿ ಮಾವನ ಬೆರಳು ನೋಡಿದ್ದೀಯ ಅಲ್ವಾ? ಎಡಗೈ ಉಂಗುರದ ಬೆರಳು. ಅಡಿಕೆ ಸುಲಿಯುವಾಗ ಆದದ್ದು ಅಂತ ಅಕ್ಕ ಎಲ್ಲರ ಹತ್ತಿರ ಹೇಳಿಕೊಂಡು ಬಂದಿದ್ದಾಳೆ. ಸುಳ್ಳು. ನಾನು ಪಕ್ಕದಲ್ಲೇ ನಿಂತಿದ್ದೆ. ಆಗ ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಬ್ಬಿಣ ಕಡೆಯುವ ನನ್ನ ಲೇತು ಇನ್ನೂ ನಡೆಯುತ್ತಿತ್ತು. ಭಾವನ ಹತ್ತಿರ, ಅದೇ ನಿನ್ನ ಗುಬ್ಬಿ ಮಾವನ ಹತ್ತಿರ, ಆ ಬಿಳಿ ಜೆನ್ ಕಾರು ಇತ್ತು. ಒಂದು ಕಡೆ ಚಕ್ರ ಕಾದು ವಾಸನೆ ಬರುತ್ತಿದೆ ಅಂತ ಒಂದು ಗ್ಯಾರೇಜಿಗೆ ಬಿಟ್ಟಿದ್ದರು. ಯಾವ ಗ್ಯಾರೇಜು ಅಂತ ಈಗ ಯಾಕೆ, ಬಿಡು. ಓನರ್ ಟೀ ಕುಡಿಯೋಕೆ ಹೋಗಿದ್ದ. ಕೆಲಸ ಕಲಿಯೋಕೆ ಸೇರಿದ್ದ ಒಬ್ಬ ಹುಡುಗ ಇದ್ದ, ಮೀಸೆ ಕೂಡ ಬಂದಿರಲಿಲ್ಲ. ಅವನು ಕ್ಯಾಲಿಪರನ್ನು ವೈಸಿಗೆ ಕಚ್ಚಿಸಿ, ಆಯಿಲ್ ಬರುವ ತೂತಿಗೆ ಏರ್ ಗನ್ ಇಟ್ಟ. ಪಿಸ್ಟನ್ ಹಾರಿ ಕೆಳಗೆ ಬಿದ್ದರೆ ಹಾಳಾಗುತ್ತದೆ ಅಂತ ಭಾವನಿಗೆ ಚಿಂತೆ. ಬನಿಯನ್ ವೇಸ್ಟ್ ಮುದುರಿಕೊಂಡು, "ನೀನು ಹೊಡಿಯಪ್ಪಾ, ನಾನು ಹಿಡ್ಕೋತೀನಿ" ಅಂದರು. ನಾನು ಬೇಡ ಭಾವ ಅಂದೆ. ಅಳಿಯ ಅಂದಮೇಲೆ ನಮ್ಮ ಮಾತು ಯಾಕೆ ಕೇಳುತ್ತಾರೆ.

ಮೊದಲು ಏನೂ ಆಗಲಿಲ್ಲ. ಸುಸ್ ಅಂತ ಸ್ವಲ್ಪ ಗಾಳಿ ಸೋರಿತು ಅಷ್ಟೇ. ಹುಡುಗ ಇನ್ನೊಂಚೂರು ಜಾಸ್ತಿ ಒತ್ತಿದ. ಟಪ್ ಅಂತು ನೋಡು, ನನ್ನ ಕನ್ನಡಕದ ತುಂಬಾ ಬ್ರೇಕ್ ಆಯಿಲ್. ಒರೆಸಿಕೊಂಡು ನೋಡುತ್ತೇನೆ, ಪಿಸ್ಟನ್ನಿಗೂ ಎದುರುಗಡೆ ಕ್ಯಾಲಿಪರಿನ ಕೊಕ್ಕೆಗೂ ನಡುವೆ ಭಾವನ ಬೆರಳು ಸಿಕ್ಕಿಕೊಂಡಿದೆ. ಚಿನ್ನದ ಉಂಗುರ ಚಪ್ಪಟೆಯಾಗಿ ಮಾಂಸದೊಳಗೆ ಹೋಗಿತ್ತು. ಆಸ್ಪತ್ರೆಯಲ್ಲಿ ಉಂಗುರ ಕತ್ತರಿಸಿದ ಮೇಲೆಯೇ ಡಾಕ್ಟರು ಬೆರಳು ಮುಟ್ಟಿದ್ದು. ಆ ಗ್ಯಾರೇಜಿನವನು ಆಮೇಲೆ ಲೇಬರ್ ಚಾರ್ಜ್ ಪೂರ್ತಿ ತೆಗೆದುಕೊಂಡ, ಅದು ಬೇರೆ ಮಾತು. ಇವತ್ತಿಗೂ ಭಾವ ಶರ್ಟಿನ ಗುಂಡಿ ಹಾಕುವಾಗ ಗಮನಿಸು, ಆ ಬೆರಳೊಂದು ಕೋಲಿನ ಹಾಗೆ ನೆಟ್ಟಗೆ ನಿಂತಿರುತ್ತದೆ.

ಲೆಕ್ಕ ಹಾಕಿ ನೋಡು, ಲೇತ್ ನಡೆಸಿದವನು ಹೇಳುತ್ತಿದ್ದೇನೆ. ಐದು ಸೆಂಟಿಮೀಟರ್ ಅಗಲದ ಪಿಸ್ಟನ್ ಅಂದರೆ ಹತ್ತಿರ ಹತ್ತಿರ 20 ಚದರ ಸೆಂಟಿಮೀಟರ್. ಕಂಪ್ರೆಸರಿನಲ್ಲಿ ಚದರ ಸೆಂಟಿಮೀಟರಿಗೆ 7 ಕೆಜಿ ಪ್ರೆಶರ್ ಇದ್ದರೆ ಆ ಪಿಸ್ಟನ್ ಹಿಂದೆ 130 ಕೆಜಿಗೂ ಜಾಸ್ತಿ ಭಾರ ನಿಂತ ಹಾಗಾಯಿತು. ತುಕ್ಕು ಬಿಡುವ ತನಕ ಅಲ್ಲಾಡದೆ ಕೂತಿರುತ್ತದೆ, ಬಿಟ್ಟ ಕ್ಷಣ ಸಿಡಿಯುತ್ತದೆ. ಆಯಿಲ್ ಆದರೆ ಹಾಗಲ್ಲ, ಅದನ್ನು ಹಿಂಡಿ ಚಿಕ್ಕದು ಮಾಡೋಕಾಗಲ್ಲ, ಪಿಸ್ಟನ್ ಒಂಚೂರು ಜರುಗಿದರೆ ಸಾಕು, ಒತ್ತಡ ಅಲ್ಲೇ ಇಳಿದುಹೋಗುತ್ತದೆ. ಗಾಳಿ ಹಿಂದಿನಿಂದ ಹಿಗ್ಗಿ ತಳ್ಳುತ್ತಲೇ ಇರುತ್ತದೆ. ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ, ಗಾಳಿ ಹೊಡೆಸಬೇಡ, ಪಿಸ್ಟನ್ ಎದುರಿಗೆ ಕೈ ಇಡಬೇಡ. ಅಂಗಡಿಯವನು "ದಿನಾ ಮಾಡ್ತೀವಿ ಸಾರ್" ಅಂದರೂ ಬೇಡ.

ಇದಕ್ಕೆಲ್ಲ ಬೇಕಾಗಿದ್ದದ್ದು ಒಂದು ಸಿ ಕ್ಲ್ಯಾಂಪು, ಸ್ಕ್ರೂ ತಿರುಗಿಸಿ ಒತ್ತಿ ಹಿಡಿಯುವ ಕಬ್ಬಿಣದ ಹಿಡಿಕೆ. ನನ್ನ ಹತ್ತಿರ ಒಳ್ಳೇದು ಇತ್ತು, ಎಂಟು ಇಂಚಿನದು, ಅದರ ಸ್ಕ್ರೂ ನಾನೇ ಲೇತಿನಲ್ಲಿ ಕಡೆದು ಹಾಕಿದ್ದು. ಇತ್ತು ಅಂತ ಯಾಕೆ ಹೇಳಿದೆ ಅಂದರೆ ಈಗ ಇಲ್ಲ. ತಿಪಟೂರಿನವರು ಬೋರಿನ ಮೋಟರ್ ರಿಪೇರಿಗೆ ಅಂತ ತೆಗೆದುಕೊಂಡು ಹೋದರು. ಈ ಗ್ರೂಪಿನಲ್ಲೇ ಇದ್ದಾರೆ, ಕೇಳಿಸಿಕೊಳ್ಳಲಿ. ಗೃಹಪ್ರವೇಶಕ್ಕೆ ಹೋದಾಗ ಅವರ ಕೊಟ್ಟಿಗೆ ಬಾಗಿಲಿಗೆ ಅದೇ ಕ್ಲ್ಯಾಂಪು ಅಡ್ಡ ಕೊಟ್ಟಿದ್ದರು, ಕಣ್ಣಾರೆ ನೋಡಿದೆ. ಊಟದ ಮನೆಯಲ್ಲಿ ಕ್ಲ್ಯಾಂಪು ಕೇಳುವುದು ಹೇಗೆ ಅಂತ ಸುಮ್ನೆ ಬಂದೆ. ಲೇತ್ ಮುಚ್ಚಿದಾಗ ಒಬ್ಬರೂ "ಏನಣ್ಣಾ, ಕಷ್ಟವಾ" ಅಂತ ಕೇಳಲಿಲ್ಲ. ಟೂಲ್ ಬಾಕ್ಸ್ ಎಲ್ಲಿಟ್ಟಿದ್ದೀಯ ಅಂತ ಮಾತ್ರ ಎಲ್ಲರೂ ಕೇಳಿದರು. ಮೈಕ್ರೋಮೀಟರ್ ಯಾರ ಮನೆಯಲ್ಲಿದೆಯೋ ಆ ಸಿದ್ಧಗಂಗೆ ಸ್ವಾಮಿಗೇ ಗೊತ್ತು. ದಿನಾ ಬೆಳಿಗ್ಗೆ ಹೂವಿನ ಫೋಟೋ ಹಾಕಿ ಶುಭೋದಯ ಅನ್ನುತ್ತಾರೆ, ಇಸ್ಕೊಂಡು ಹೋದ ಸಾಮಾನು ವಾಪಸ್ ಕೊಡೋಣ ಅನ್ನುವುದು ಒಬ್ಬರಿಗೂ ಹೊಳೆಯಲ್ಲ. ನಿಮ್ಮಮ್ಮ ಒಬ್ಬಳೇ ಡ್ರಿಲ್ ಮಿಷಿನ್ ಒರೆಸಿ, ವೈರ್ ಸುತ್ತಿ ವಾಪಸ್ ಕೊಟ್ಟವಳು.

ಅಯ್ಯೋ, ನಿನ್ನ ಪಿಸ್ಟನ್ ಹಾಗೇ ಉಳಿಯಿತು. ಕ್ಯಾಲಿಪರಿಗೆ ಆಯಿಲ್ ತರುವ ಹೋಸ್ ಪೈಪ್ ಇನ್ನೂ ಬಿಚ್ಚಿಲ್ಲ ಅಲ್ವಾ? ಬಿಚ್ಚಿಲ್ಲದಿದ್ದರೆ ಕೆಲಸ ಸುಲಭ. ಕ್ಯಾಲಿಪರನ್ನು ಹೋಸಿನಲ್ಲಿ ನೇತಾಡಿಸಬೇಡ, ತಂತಿ ಹಾಕಿ ಸ್ಪ್ರಿಂಗಿಗೆ ಕಟ್ಟು. ಗಾಡಿ ಬರೀ ಜ್ಯಾಕ್ ಮೇಲೆ ನಿಂತಿದ್ದರೆ ಮೊದಲು ಕೆಳಗೆ ಸ್ಟ್ಯಾಂಡ್ ಕೊಡು. ಆಮೇಲೆ ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ಸಡಿಲ ಮಾಡು. ತುಂಬಿದ್ದರೆ ಸಿರಿಂಜಿನಲ್ಲಿ ಸ್ವಲ್ಪ ಈಚೆ ತೆಗೆ, ಪಿಸ್ಟನ್ ಒಳಗೆ ಹೋದ ಹಾಗೆ ಅಲ್ಲಿ ಆಯಿಲ್ ಮೇಲೇರಿ ಚೆಲ್ಲುತ್ತದೆ. ಪೇಂಟ್ ಮೇಲೆ ಬಿದ್ದರೆ ಪೇಂಟೇ ಎದ್ದು ಬರುತ್ತದೆ.

ಈಗ ಹಳೇ ಪ್ಯಾಡನ್ನು ಪಿಸ್ಟನ್ ಮುಖಕ್ಕೆ ಇಟ್ಟು, ಕ್ಲ್ಯಾಂಪ್ ಹಾಕಿ ನಿಧಾನವಾಗಿ ತಿರುಗಿಸು. ಸುತ್ತಿಗೆ ಬೇಡ. ಹೋಗದಿದ್ದರೆ ಕ್ಯಾಲಿಪರಿನಲ್ಲಿ ಗಾಳಿ, ಆಯಿಲ್ ಈಚೆ ಬಿಡೋಕೆ ಇರುವ ಬ್ಲೀಡರ್ ನಿಪ್ಪಲ್ಲಿಗೆ ಸಣ್ಣ ಟ್ಯೂಬ್ ಹಾಕಿ, ಇನ್ನೊಂದು ತುದಿಯನ್ನು ಬಾಟ್ಲಿಗೆ ಬಿಟ್ಟು, ನಿಪ್ಪಲನ್ನು ಸ್ವಲ್ಪ ಸಡಿಲ ಮಾಡಿ ಮತ್ತೆ ತಿರುಗಿಸು. ಈಗ ಸಲೀಸಾಗಿ ಹೋಯಿತು ಅಂದರೆ ಪಿಸ್ಟನ್ ಸರಿಯಾಗಿಯೇ ಇದೆ, ಆಯಿಲ್ ವಾಪಸ್ ಹೋಗುವ ದಾರಿ ಕಟ್ಟಿಕೊಂಡಿದೆ. ಮೊದಲು ಅನುಮಾನ ಪಡಬೇಕಾದದ್ದು ರಬ್ಬರ್ ಹೋಸ್. ಹೊರಗೆ ಚೆನ್ನಾಗಿ ಕಾಣುತ್ತದೆ, ಒಳಗೆ ಊದಿ ಮುಚ್ಚಿಕೊಂಡಿರುತ್ತದೆ. ಪಿಸ್ಟನ್ ಬದಲಾಯಿಸಿದರೂ ಆ ಚಕ್ರ ಮತ್ತೆ ಕಚ್ಚುತ್ತದೆ. ಪಿಸ್ಟನ್ ಹೋಗುತ್ತಿರುವಾಗಲೇ ನಿಪ್ಪಲ್ ಮುಚ್ಚು, ನಿಂತ ಮೇಲೆ ಮುಚ್ಚಿದರೆ ಗಾಳಿ ಎಳೆದುಕೊಳ್ಳುತ್ತದೆ.

ನಿಪ್ಪಲ್ ಬಿಟ್ಟರೂ ಅಲ್ಲಾಡದಿದ್ದರೆ ತುಕ್ಕು. ಪಿಸ್ಟನ್ ಸುತ್ತ ಇರುವ ರಬ್ಬರ್ ಕವರ್ ಎಲ್ಲೋ ಹರಿದು ನೀರು ಸೇರಿರುತ್ತದೆ. ಆಗ ನಿಪ್ಪಲ್ ಬಿಗಿ ಮಾಡು, ಬಲಗಡೆ ಚಕ್ರದಲ್ಲಿ ಪ್ಯಾಡ್ ಎಲ್ಲ ಕೂತಿದೆಯಾ ನೋಡಿಕೊ, ಎಡಗಡೆ ಕ್ಯಾಲಿಪರಿನೊಳಗೆ ಒಂದು ಮರದ ತುಂಡು ಅಡ್ಡ ಇಡು, ತಮ್ಮನನ್ನು ಒಳಗೆ ಕೂರಿಸಿ ಬ್ರೇಕ್ ಪೆಡಲ್ ಮೆಲ್ಲಗೆ ಒತ್ತಿಸು. ಪಂಕ್ಚರ್ ಅಂಗಡಿ ಯಾಕೆ, ಪಂಪು ಗಾಡಿಯಲ್ಲೇ ಇದೆಯಲ್ಲ. ಸ್ವಲ್ಪ ಈಚೆ ಬಂದಾಗ ನಿಲ್ಲಿಸಿ, ಅಂಚನ್ನು ಬ್ರೇಕ್ ಆಯಿಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ ಮತ್ತೆ ಒಳಗೆ ತಳ್ಳು. ಪೆಟ್ರೋಲು, ಡೀಸೆಲು, ಗ್ರೀಸು ಮುಟ್ಟಿಸಬೇಡ, ಸೀಲು ಊದಿಕೊಳ್ಳುತ್ತದೆ. ಪಿಸ್ಟನ್ ಮೈಮೇಲೆ ಉಗುರಿಗೆ ಸಿಗುವ ಗುಳಿ ಇದ್ದರೆ ಉಜ್ಜಿ ಸರಿ ಮಾಡೋಣ ಅನ್ನಬೇಡ. ಹೊಸ ಪಿಸ್ಟನ್, ಸೀಲ್ ಕಿಟ್ ಬೇಕು, ಅದನ್ನು ತಿಳಿದವರ ಕೈಗೆ ಕೊಡು. ಕ್ಯಾಲಿಪರ್ ಜಾರುವ ಪಿನ್ನುಗಳನ್ನೂ ಈಚೆ ತೆಗೆದು ಒರೆಸು. ಒಂದು ಪ್ಯಾಡ್ ಸವೆದು ಇನ್ನೊಂದು ದಪ್ಪಗೇ ಇದ್ದರೆ ತಪ್ಪು ಆ ಪಿನ್ನಿನದೂ ಇರಬಹುದು. ಅದಕ್ಕೆ ಸಿಲಿಕಾನ್ ಗ್ರೀಸ್ ಸಿಗುತ್ತದೆ.

ಇನ್ನೊಂದು ಮಾತು, ಇದೇ ದೊಡ್ಡದು, ಮರೆತೇಬಿಟ್ಟಿದ್ದೆ ನೋಡು. ಎಲ್ಲ ಜೋಡಿಸಿದ ಮೇಲೆ ಗಾಡಿ ಕದಲಿಸುವ ಮುಂಚೆ ಪೆಡಲ್ ಒತ್ತುತ್ತಾ ಇರು, ಗಟ್ಟಿಯಾಗುವ ತನಕ. ಪಿಸ್ಟನ್ ಹಿಂದಕ್ಕೆ ಹೋಗಿರುವುದರಿಂದ ಮೊದಲ ಸಲ ಪೆಡಲ್ ನೆಲಕ್ಕೇ ಹೋಗುತ್ತದೆ, ಬ್ರೇಕ್ ಹಿಡಿಯುವುದೇ ಇಲ್ಲ. ಆ ಸ್ಥಿತಿಯಲ್ಲಿ ರಿವರ್ಸ್ ತೆಗೆದರೆ ಎದುರು ಮನೆಯವರ ಕಾಂಪೌಂಡಿಗೇ ಹೋಗುತ್ತೀಯ. ಎಷ್ಟು ಒತ್ತಿದರೂ ಮೆತ್ತಗೇ ಇದ್ದರೆ ಒಳಗೆ ಗಾಳಿ ಸೇರಿದೆ, ಬ್ಲೀಡ್ ಮಾಡಿಸದೆ, ಅಂದರೆ ಆ ಗಾಳಿ ಈಚೆ ತೆಗೆಸದೆ, ಗಾಡಿ ತೆಗೆಯಬೇಡ. ಗಟ್ಟಿಯಾದರೆ ಡಬ್ಬಿಯಲ್ಲಿ ಆಯಿಲ್ ಮಟ್ಟ ನೋಡು, ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಏನು ಬರೆದಿದೆಯೋ ಅದನ್ನೇ ಹಾಕು.

ಮೊದಲು ಕ್ಯಾತ್ಸಂದ್ರದ ತನಕ ಹೋಗಿ ಬಾ. ಇಳಿದು ಎರಡೂ ಚಕ್ರದ ಹತ್ತಿರ ಕೈ ಹಿಡಿದು ನೋಡು, ಡಿಸ್ಕ್ ಮುಟ್ಟಬೇಡ. ಎಡಗಡೆದು ಜಾಸ್ತಿ ಕಾದಿದ್ದರೆ ಇನ್ನೂ ಕಚ್ಚುತ್ತಿದೆ ಅಂತ ಅರ್ಥ. ಹಾಗಿದ್ದರೆ ದುರ್ಗಕ್ಕೆ ಆ ಗಾಡಿ ಬೇಡ. ಯೋಗ ನರಸಿಂಹನ ಕಡೆಯಿಂದ ಇಳಿಯುವಾಗ ಬ್ರೇಕ್ ಮೇಲೇ ಕಾಲು ಇರುತ್ತದೆ. ಹೊಸ ಡಾಟ್ 3 ಆಯಿಲ್ 205 ಡಿಗ್ರಿ ತನಕ ಕುದಿಯಬಾರದು ಅಂತ ಲೆಕ್ಕ, ನೀರು ಹೀರಿಕೊಂಡ ಹಳೇ ಆಯಿಲಿಗೆ ಆ ಲೆಕ್ಕ 140ಕ್ಕೇ ಇಳಿಯುತ್ತದೆ. ಕುದ್ದರೆ ಪೆಡಲ್ ಒತ್ತಿದ್ದೂ ವ್ಯರ್ಥ. ನನ್ನ ವ್ಯಾನ್ ಮನೆ ಮುಂದೆಯೇ ನಿಂತಿದೆ, ಕೀ ನಿಮ್ಮ ದೊಡ್ಡಮ್ಮನ ಹತ್ತಿರ ಇಸ್ಕೋ. ಸೀಲ್ ಕಿಟ್ ತರುವ ಹಾಗಾದರೆ ಗಾಡಿಯ ಆರ್‌ಸಿ ಜೊತೆಗೆ ತೆಗೆದುಕೊಂಡು ಹೋಗು, ಬರೀ ಸ್ವಿಫ್ಟ್ ಅಂದರೆ ಬೇರೆ ಮಾಡೆಲ್ಲಿಂದು ಕೊಟ್ಟು ಕಳಿಸುತ್ತಾರೆ.