ನೇತ್ರಾಣಿಗೆ ಹೊರಟಿದ್ದೇವೆ, ಕಾರಿನ ಕೀ ಏನು ಮಾಡೋದು?

ಮುಂದಿನ ಶನಿವಾರ ನಾವು ನಾಲ್ಕು ಜನ ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್ ಮಾಡೋಕೆ ಹೊರಟಿದ್ದೇವೆ. ಬೆಂಗಳೂರಿನಿಂದ ನಮ್ಮದೇ ಕಾರು, ಬಟನ್ ಸ್ಟಾರ್ಟ್. ಹೋದ ತಿಂಗಳು ಕಾಪು ಬೀಚಿನಲ್ಲಿ ಕೀ ಒಳಗೇ ಉಳಿದು ಲಾಕ್ ಆಗಿ, ಎರಡು ಗಂಟೆ ಬಿಸಿಲಲ್ಲಿ ನಿಂತಿದ್ದೆವು. ಅಲ್ಲಾದರೆ ಕೈಯಲ್ಲಿ ಫೋನ್ ಇತ್ತು. ಈ ಸಲ ಎಲ್ಲರೂ ನೀರಿನೊಳಗೆ. ನೀವೆಲ್ಲ ಕೀ ಎಲ್ಲಿ ಇಡುತ್ತೀರಿ? ಯಾರಿಗಾದರೂ ಹೀಗೆ ಆಗಿದೆಯಾ? ಆಗ ಏನು ಮಾಡಿದಿರಿ?

ಶಿವಮೊಗ್ಗದಿಂದ:

ಆಗಿದೆ. ಅದೇ ಮುರುಡೇಶ್ವರದಲ್ಲೇ. ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

ಬೆಳಿಗ್ಗೆ ಬಾಗಿಲುಗಳನ್ನೆಲ್ಲ ಲಾಕ್ ಮಾಡಿ, ಡಿಕ್ಕಿ ಮಾತ್ರ ತೆಗೆದು ಅದರ ಮರೆಯಲ್ಲಿ ಬಟ್ಟೆ ಬದಲಾಯಿಸುತ್ತಿದ್ದೆವು. ಕೀ ಒದ್ದೆಯಾಗಬಾರದು ಅಂತ ನಮ್ಮನೆಯವಳು ಅದನ್ನು ಸ್ಟೀಲ್ ಡಬ್ಬಿಗೆ ಹಾಕಿದ್ದಳು. ದಾರಿಯಲ್ಲಿ ಚಕ್ಕುಲಿ ತಿಂದು ಖಾಲಿ ಮಾಡಿದ್ದ ಡಬ್ಬಿ. ಡಬ್ಬಿ ಡಿಕ್ಕಿಯಲ್ಲೇ ಇತ್ತು. ದೋಣಿಯವರು ಕೂಗುತ್ತಿದ್ದರು, ನಾನು ಡಿಕ್ಕಿ ಧಡ್ ಅಂತ ಹಾಕಿ ಓಡಿದೆ. ಕೀ ಒಳಗಿದ್ದರೆ ಈ ಕಾರು ಕುಯ್ಯ್ ಅಂತ ಕೂಗಿ ಡಿಕ್ಕಿಯನ್ನು ಮತ್ತೆ ತೆರೆಯುತ್ತದೆ. ಅವತ್ತು ಕೂಗಲಿಲ್ಲ. ಸ್ಟೀಲ್ ಡಬ್ಬಿಯೊಳಗಿಂದ ಕೀಯ ಸಿಗ್ನಲ್ ಆಚೆ ಬರಲ್ಲ, ಹಾಗಾಗಿ ಕಾರಿನ ಲೆಕ್ಕದಲ್ಲಿ ಕೀ ಒಳಗೆ ಇರಲೇ ಇಲ್ಲ.

ಇದು ಗೊತ್ತಾಗಿದ್ದು ಮಧ್ಯಾಹ್ನ ಎರಡಕ್ಕೆ, ವಾಪಸ್ ಬಂದ ಮೇಲೆ. ಮೈಮೇಲೆ ಒದ್ದೆ ಚಡ್ಡಿ, ಚರ್ಮದ ಮೇಲೆ ಒಣಗಿದ ಉಪ್ಪು. ಫೋನ್, ಪರ್ಸು, ಚಪ್ಪಲಿ, ನನ್ನ ಕನ್ನಡಕ ಎಲ್ಲ ಒಳಗೆ. ಡೈವಿಂಗ್ ಅಂಗಡಿಯ ಹುಡುಗ ತನ್ನ ಫೋನ್ ಕೊಟ್ಟ. ಯಾರಿಗೆ ಮಾಡಲಿ? ನನಗೆ ಬಾಯಿಪಾಠ ಇದ್ದದ್ದು ಎರಡೇ ನಂಬರ್. ಒಂದು ಹೆಂಡತಿಯದು, ಅದು ಕಾರಿನೊಳಗೆ ರಿಂಗ್ ಆಯಿತು. ಇನ್ನೊಂದು ಅಪ್ಪನ ಮನೆಯ ಲ್ಯಾಂಡ್‌ಲೈನ್, ಅದನ್ನು ತೆಗೆಸಿ ಎಷ್ಟೋ ವರ್ಷ ಆಯಿತು. ಇನ್ಶೂರೆನ್ಸ್ ಪೇಪರಿನಲ್ಲಿ ರೋಡ್‌ಸೈಡ್ ಅಸಿಸ್ಟೆನ್ಸ್ ನಂಬರ್ ಇದೆ, ಪೇಪರ್ ಡ್ಯಾಶ್‌ಬೋರ್ಡಿನಲ್ಲಿದೆ! ಕೊನೆಗೆ ಮುಂದಿನ ಗಾಜಿನ ಮೂಲೆಯಲ್ಲಿ ಸರ್ವಿಸಿನವರು ಅಂಟಿಸಿದ್ದ ಸ್ಟಿಕ್ಕರ್ ನೆನಪಾಯಿತು. ನನಗೆ ಕಾಣಲಿಲ್ಲ, ಆ ಹುಡುಗನೇ ಗಾಜಿಗೆ ಮುಖ ಒತ್ತಿ ನಂಬರ್ ಓದಿದ.

ಅವರು ಬರುವ ಹೊತ್ತಿಗೆ ಐದೂವರೆ. ಬಂದವರು ಮೊದಲು ಕೇಳಿದ್ದು, ಕಾರು ನಿಮ್ಮದೇ ಅನ್ನೋಕೆ ಏನಿದೆ ಅಂತ. ಆರ್‌ಸಿ ಒಳಗೆ, ಲೈಸೆನ್ಸ್ ಒಳಗೆ. ಬೆಳಿಗ್ಗೆ ಡೈವಿಂಗ್ ಫಾರ್ಮಿನ ಜೊತೆ ಕೊಟ್ಟಿದ್ದ ಆಧಾರ್ ಜೆರಾಕ್ಸ್ ಅಂಗಡಿಯಲ್ಲಿತ್ತು, ಅದನ್ನು ತೋರಿಸಿ, ಬಾಗಿಲು ತೆಗೆದ ಕೂಡಲೇ ಆರ್‌ಸಿ ತೋರಿಸುತ್ತೇನೆ ಅಂತ ಒಪ್ಪಿಸಿದೆ. ಕೆಲಸ ಮಾತ್ರ ಚೆನ್ನಾಗಿ ಮಾಡಿದರು. ಬಾಗಿಲಿನ ಮೇಲ್ತುದಿಯ ಸಂದಿಗೆ ಖಾಲಿ ರಬ್ಬರ್ ಚೀಲ ತೂರಿಸಿ, ಬಿಪಿ ನೋಡುವಾಗ ಒತ್ತುತ್ತಾರಲ್ಲ ಅಂಥ ಬಲ್ಬಿನಿಂದ ಗಾಳಿ ತುಂಬಿದರು. ಒಂದು ಬೆರಳಷ್ಟು ಜಾಗ ಆಯಿತು. ಅಲ್ಲಿಂದ ಬಟ್ಟೆ ಸುತ್ತಿದ ಉದ್ದ ಕಂಬಿ ಇಳಿಸಿ ಒಳಗಿನ ಹ್ಯಾಂಡಲ್ ಎಳೆದರು. ಅಲಾರಂ ಬಡಿದುಕೊಂಡಿತು. ಬೀಚಿನಲ್ಲಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಬಣ್ಣ ಒಂಚೂರೂ ಹೋಗಿರಲಿಲ್ಲ.

ಹಾಗಾಗಿ ನನ್ನ ಪ್ರಕಾರ ಲಾಕ್ ಆಗೋದು ದೊಡ್ಡ ಸಮಸ್ಯೆಯೇ ಅಲ್ಲ. ಅದನ್ನು ಬಿಡಿಸೋಕೆ ಏನೇನು ಬೇಕೋ ಅದೆಲ್ಲ ಕೀ ಜೊತೆ ಒಳಗೇ ಉಳಿಯುತ್ತದಲ್ಲ, ಕಷ್ಟ ಇರೋದು ಅಲ್ಲಿ. ಈಗ ನಾನು ಒಂದು ಚೀಟಿಯಲ್ಲಿ ನಾಲ್ಕು ನಂಬರ್ ಮತ್ತು ಪಾಲಿಸಿ ನಂಬರ್ ಬರೆದು, ಐನೂರರ ಒಂದು ನೋಟಿನ ಜೊತೆ ಡೈವಿಂಗ್ ಅಂಗಡಿಯವರ ಕೈಗೇ ಕೊಡುತ್ತೇನೆ. ಕೀಯೂ ಅವರ ಹತ್ತಿರವೇ ಇರುತ್ತದೆ.

ಉಡುಪಿಯಿಂದ:

ಶಿವಮೊಗ್ಗದವರ ಡಬ್ಬಿ ಕಥೆ ಓದಿ ನಗು ಬಂತು, ಯಾಕೆಂದರೆ ನಾವು ಅದನ್ನೇ ಬೇಕಂತ ಮಾಡುತ್ತೇವೆ. ಮುಲ್ಕಿಯಲ್ಲಿ ಸರ್ಫಿಂಗ್ ಮಾಡುವಾಗ ಕಲಿತದ್ದು. ಬಟನ್ ಸ್ಟಾರ್ಟ್ ಕಾರಿನ ರಿಮೋಟಿನೊಳಗೆ ಸಣ್ಣ ಲೋಹದ ಕೀ ಒಂದು ಅಡಗಿರುತ್ತದೆ, ಸುಮಾರು ಜನ ಅದನ್ನು ಒಮ್ಮೆಯೂ ಹೊರಗೆ ತೆಗೆದಿರುವುದಿಲ್ಲ. ಅದನ್ನು ಎಳೆದುಕೊಳ್ಳಿ. ರಿಮೋಟನ್ನು ಅಡುಗೆಮನೆ ಫಾಯಿಲಿನಲ್ಲಿ ಎರಡು ಸುತ್ತು ಸುತ್ತಿ, ಡಬ್ಬಿಗೆ ಹಾಕಿ, ಕಾಣದ ಹಾಗೆ ಕಾರಿನಲ್ಲಿಡಿ. ಲೋಹದ ಕೀಯಿಂದ ಡ್ರೈವರ್ ಬಾಗಿಲು ಲಾಕ್ ಮಾಡಿ, ಅದನ್ನು ದಾರದಲ್ಲಿ ಕಟ್ಟಿ ವೆಟ್‌ಸೂಟಿನೊಳಗೆ ಕತ್ತಿಗೆ ಹಾಕಿಕೊಳ್ಳಿ. ಅದರಲ್ಲಿ ಚಿಪ್ ಇಲ್ಲ, ಬ್ಯಾಟರಿ ಇಲ್ಲ. ಉಪ್ಪುನೀರು ತಾಗಿದರೂ ಆಮೇಲೆ ತೊಳೆದರೆ ಆಯಿತು.

ಮನೆಯಲ್ಲೇ ಒಮ್ಮೆ ಟ್ರಯಲ್ ನೋಡಿ ಮಾರ್ರೆ. ಕೆಲವು ಕಾರಿನಲ್ಲಿ ಕೀ ತೂತು ಹ್ಯಾಂಡಲಿನ ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಇರುತ್ತದೆ. ಇನ್ನು ಕೆಲವು ಲೋಹದ ಕೀಯಿಂದ ತೆಗೆದರೆ ಕಳ್ಳ ಬಂದ ಅಂತ ಕೂಗುತ್ತವೆ. ಟ್ರಯಲ್ ಮಾಡುವಾಗ ಕಿಟಕಿ ಇಳಿಸಿರಲಿ, ಇಲ್ಲವಾದರೆ ಮನೆ ಅಂಗಳದಲ್ಲೇ ಲಾಕ್.

ಬೆಳಗಾವಿಯಿಂದ:

ನಾವು ಹೋಗಿದ್ದು ಮಾಲ್ವಣಕ್ಕೆ, ಸಿಂಧುದುರ್ಗ ಕೋಟೆ ಹತ್ತಿರ. ಯಾರನ್ನೂ ನಂಬದೆ ನಾನು ಕೀಯನ್ನು ಮೊಬೈಲ್ ಹಾಕುವ ವಾಟರ್‌ಪ್ರೂಫ್ ಕವರಿನಲ್ಲಿಟ್ಟು ಮೈಮೇಲೆ ಕಟ್ಟಿಕೊಂಡು ಇಳಿದೆ. ಆ ಕವರುಗಳು ಈಜಿಗೆ ಸರಿ, ಡೈವಿಂಗಿಗೆ ಅಲ್ಲ. ಹತ್ತು ಮೀಟರ್ ಕೆಳಗೆ ಒತ್ತಡ ಮೇಲಿನದರ ಎರಡರಷ್ಟು. ಒಳಗಿನ ಗಾಳಿ ಕುಗ್ಗಿ ಕವರ್ ಹಪ್ಪಳದ ಹಾಗೆ ಅಂಟಿಕೊಂಡಿತ್ತು, ಮೇಲೆ ಬಂದು ನೋಡಿದರೆ ಒಳಗೆ ಒಂದು ಚಮಚ ನೀರು.

ರಿಮೋಟ್ ಸತ್ತಿತ್ತು. ನನ್ನದು ಹಳೆ ಮಡಚೋ ಕೀ, ಹಾಗಾಗಿ ಬಚಾವಾದೆ. ಬಾಗಿಲು ಲೋಹದ ತುದಿಯಿಂದ ತೆರೆಯಿತು, ಇಂಜಿನ್ ಕೂಡ ಸ್ಟಾರ್ಟ್ ಆಯಿತು. ಇಂಜಿನ್ ಗುರುತು ಹಿಡಿಯುವ ಚಿಪ್ ಅದರಲ್ಲಿ ಬೇರೆ ಇರುತ್ತದೆ, ಅದಕ್ಕೆ ಬ್ಯಾಟರಿ ಬೇಡ. ಬಟನ್ ಸ್ಟಾರ್ಟಿನವರು ಈ ಧೈರ್ಯ ಮಾಡಲೇಬೇಡಿ. ಒದ್ದೆಯಾದರೆ ಕೂಡಲೇ ಸೆಲ್ ತೆಗೆದು, ಸಿಹಿನೀರಿನಲ್ಲಿ ಅದ್ದಿ ಉಪ್ಪು ಬಿಡಿಸಿ, ಆಮೇಲೆ ಒಣಗಿಸಿ. ನಾನು ಅಕ್ಕಿ ಡಬ್ಬಿಯಲ್ಲಿಟ್ಟೆ. ಅಕ್ಕಿ ವಾಸನೆ ಬಂತು, ಅಷ್ಟೇ.

ಹಾಸನದಿಂದ, ಗ್ಯಾರೇಜ್ ಇಟ್ಟವನು:

ಲಾಕ್ ತೆಗೆಯೋಕೆ ಕಿಟಕಿ ಗಾಜಿನ ಸಂದಿಗೆ ಸ್ಟೀಲ್ ಸ್ಕೇಲ್ ತೂರಿಸುವ ಬುದ್ಧಿ ಹಳೆ ಕಾರಿಗೆ. ಈಗಿನ ಬಾಗಿಲಿನೊಳಗೆ ವೈರಿಂಗ್ ಜಾಸ್ತಿ. ಸ್ಕೇಲ್ ಆಡಿಸಿ ಗಾಜಿನ ಅಂಚಿನ ರಬ್ಬರ್ ಬೀಡಿಂಗ್ ಹರಿದು, ಪವರ್ ವಿಂಡೋ ವೈರ್ ಕಿತ್ತುಕೊಂಡು ಬಂದವರನ್ನು ನೋಡಿದ್ದೇನೆ. ಟೆನಿಸ್ ಬಾಲ್ ಒತ್ತಿ ಲಾಕ್ ತೆಗೆಯುವ ವಿಡಿಯೋ ಸುಳ್ಳು.

ಒಳಗೆ ಮಗು ಲಾಕ್ ಆಗಿದ್ದರೆ ಮಾತ್ರ ಯಾರಿಗೂ ಕಾಯಬೇಡಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಹತ್ತೇ ನಿಮಿಷದಲ್ಲಿ 10 ಡಿಗ್ರಿಯಷ್ಟು ಶಾಖ ಏರುತ್ತದೆ. ಒಬ್ಬರು 112ಕ್ಕೆ ಫೋನ್ ಮಾಡಲಿ, ಇನ್ನೊಬ್ಬರು ಮಗುವಿನಿಂದ ದೂರದ ಬಾಗಿಲಿನ ಗಾಜು ಒಡೆಯಲಿ. ನಡುವೆ ಹೊಡೆದರೆ ಗಾಜು ಸುಲಭಕ್ಕೆ ಒಡೆಯಲ್ಲ, ಕೆಳಗಿನ ಮೂಲೆಗೆ ಹೊಡೆಯಿರಿ. ಮುಂದಿನ ಗಾಜು ಮುಟ್ಟಬೇಡಿ, ಅದರ ಪದರಗಳ ನಡುವೆ ಪ್ಲಾಸ್ಟಿಕ್ ಇದೆ, ಬಿರುಕು ಬಿಡುತ್ತದೆ, ಬೀಳಲ್ಲ. ಇನ್ನೊಂದು, ಹಿಂಬದಿಯ ಚಿಕ್ಕ ತ್ರಿಕೋನ ಗಾಜು ಸಣ್ಣದು, ಅಗ್ಗ ಅಂತ ಅದನ್ನೇ ಒಡೆಯೋರು ಇದ್ದಾರೆ. ಎಷ್ಟೋ ಕಾರಿನಲ್ಲಿ ಬಾಗಿಲ ಗಾಜಿಗಿಂತ ಅದೇ ದುಬಾರಿ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ನಮ್ಮ ಕಾರಿಗೆ ಆ್ಯಪ್ ಇದೆ, ಫೋನಿನಿಂದಲೇ ಅನ್‌ಲಾಕ್ ಮಾಡಬಹುದು. ಅದನ್ನು ನಂಬಬಹುದಾ?

ಬೆಂಗಳೂರಿನಿಂದ:

ಕಾರಿಗೂ ನೆಟ್‌ವರ್ಕ್ ಸಿಗಬೇಕು, ಫೋನಿಗೂ ಸಿಗಬೇಕು, ಮುಖ್ಯವಾಗಿ ಫೋನ್ ಹೊರಗಿರಬೇಕು. ಬೇರೆಯವರ ಫೋನಿನಲ್ಲಿ ಲಾಗಿನ್ ಆಗೋಣ ಅಂದರೆ ಓಟಿಪಿ ಕಾರಿನೊಳಗೆ ಹೋಗಿ ಬೀಳುತ್ತದೆ. ಹೊರಡುವ ಮೊದಲೇ ನಾಲ್ವರಲ್ಲಿ ಇನ್ನೊಬ್ಬರ ಫೋನಿಗೂ ಆ್ಯಪ್ ಹಾಕಿ ಪರ್ಮಿಷನ್ ಕೊಟ್ಟಿಡಿ.

ಡೂಪ್ಲಿಕೇಟ್ ಕೀ ಮನೆ ಬೀರುವಿನಲ್ಲಿ ಬಿಟ್ಟು ಹೋಗಬೇಡಿ. ನನಗೆ ಭಾವ ರಾತ್ರಿ ಬಸ್ಸಿನ ಡ್ರೈವರ್ ಕೈಗೆ ಇನ್ನೂರು ರೂಪಾಯಿ ಜೊತೆ ಕೀ ಕೊಟ್ಟು ಕಳಿಸಿದ್ದರು. ಮುರುಡೇಶ್ವರ ಕ್ರಾಸಿನಲ್ಲಿ ಬೆಳಗಿನ ಜಾವ ಹೆದ್ದಾರಿ ಪಕ್ಕ ಲಾಡ್ಜಿನ ಟವೆಲ್ ಹೊದ್ದುಕೊಂಡು ನಿಂತು, ಬರುವ ಬಸ್ಸಿಗೆಲ್ಲ ಕೈ ಮಾಡಿದ್ದೇನೆ. ಮೂರನೇ ಬಸ್ಸಿನವರು ಹಾಲಿನ ಕವರಿನಲ್ಲಿ ಸುತ್ತಿದ್ದ ಕೀ ಕಿಟಕಿಯಿಂದ ಕೊಟ್ಟು, ನಿಲ್ಲಿಸದೆ ಹೋದರು.

ಪ್ರಶ್ನೆ ಕೇಳಿದವರು:

ಸರಿ. ಡೂಪ್ಲಿಕೇಟ್ ಬೇರೆ ಬ್ಯಾಗಿನಲ್ಲಿ ಬರುತ್ತದೆ. ನಮ್ಮಲ್ಲಿ ಒಬ್ಬನಿಗೆ ನೀರು ಅಂದರೆ ಭಯ, ಹೇಗೂ ದೋಣಿಯಲ್ಲಿ ಸುಮ್ನೆ ಕೂರುತ್ತೇನೆ ಅನ್ನುತ್ತಿದ್ದ. ಅವನನ್ನೇ ಕೀ ಕೊಟ್ಟು ದಡದಲ್ಲಿ ಬಿಡುತ್ತೇವೆ.

ಶಿವಮೊಗ್ಗದಿಂದ:

ಬಿಡಿ. ಆದರೆ ನೀವು ಒದ್ದೆಯಾಗಿ ಬಂದು ನಿಲ್ಲುವ ಹೊತ್ತಿಗೆ ಆಸಾಮಿ ಲಿಫ್ಟ್ ಹತ್ತಿ ಗೋಪುರದ ಮೇಲೆ ಫೋಟೋ ತೆಗೆಯುತ್ತಿರುತ್ತಾನೆ. ಅವನ ನಂಬರ್ ಬಾಯಿಪಾಠ ಇದೆ ತಾನೇ?