ಸೊಲೆನಾಯ್ಡ್ ಬದಲಿಸಿದ ಮೇಲೂ ಪಿ0010 ಕೋಡ್ ಬರುತ್ತಿದೆ: ಅನುಭವವಿರುವವರು ದಯವಿಟ್ಟು ತಿಳಿಸಿ

ಪ್ರಶ್ನೆ:
ನನ್ನ ಕಾರಿನ ಪೆಟ್ರೋಲ್ ಎಂಜಿನ್ನಿನಲ್ಲಿ ಇನ್‌ಟೇಕ್ ವಾಲ್ವ್‌ಗಳ ಟೈಮಿಂಗನ್ನು ಆಯಿಲ್ ಒತ್ತಡದಿಂದ ಹಿಂದೆ ಮುಂದೆ ಮಾಡುವ ವ್ಯವಸ್ಥೆ ಇದೆ. ಇತ್ತೀಚೆಗೆ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಚೆಕ್ ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ, ಗಾಡಿಯ ಎಳೆತವೂ ಕುಗ್ಗುತ್ತದೆ. ಸ್ಕ್ಯಾನರಿನಲ್ಲಿ ಪಿ0010 ಮಾತ್ರ ಕಾಣಿಸುತ್ತಿದೆ. ಆಯಿಲ್ ಕಂಟ್ರೋಲ್ ವಾಲ್ವ್‌ನ ಸೊಲೆನಾಯ್ಡನ್ನು (ಕರೆಂಟ್ ಹರಿದಾಗ ವಾಲ್ವನ್ನು ಸರಿಸುವ ತಾಮ್ರದ ಸುರುಳಿ) ಹೊಸದಾಗಿ ಹಾಕಿಸಿದರೂ ಅದೇ ಕೋಡ್ ಮರಳಿ ಬಂದಿದೆ. ಈಗ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಬದಲಿಸಬೇಕೆಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. ಅಷ್ಟು ದೊಡ್ಡ ಖರ್ಚಿಗೆ ಒಪ್ಪಿಕೊಳ್ಳುವ ಮುನ್ನ ಮಲ್ಟಿಮೀಟರ್ ಹಿಡಿದು ನಾನು ಏನೇನು ಪರೀಕ್ಷಿಸಬಹುದು?

ಮೊದಲ ಉತ್ತರ:
ಇಸಿಯು ಮಾತನ್ನು ಸದ್ಯಕ್ಕೆ ಬದಿಗಿಡಿ. ವಾಹನಗಳ ವಿದ್ಯುತ್ ಕೆಲಸದಲ್ಲಿ ಬಹಳ ಕಾಲದಿಂದ ಇರುವ ನನಗೆ ಇಂತಹ ದೋಷ ಹೆಚ್ಚಾಗಿ ಸಿಕ್ಕಿರುವುದು ವೈರಿನಲ್ಲಿ, ಇಲ್ಲವೇ ಕನೆಕ್ಟರಿನ ಪಿನ್ನಿನಲ್ಲಿ.

ನಿಮಗೆ ಬಂದಿರುವ ಕೋಡ್ ಯಾವ ಜಾತಿಯದು ಎಂಬುದನ್ನು ಮೊದಲು ಗಮನಿಸಿ. ಪಿ0011 ಅಥವಾ ಪಿ0012 ಬಂದಿದ್ದರೆ, ಇಸಿಯುವಿನ ಆದೇಶ ಹೋಗಿದೆ ಆದರೆ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಅದರಂತೆ ತಿರುಗಲಿಲ್ಲ ಎಂದು ಅರ್ಥವಾಗುತ್ತಿತ್ತು. ಆಗ ಆಯಿಲ್ ಮಟ್ಟ, ಕಟ್ಟಿಕೊಂಡ ಜಿಡ್ಡು, ಟೈಮಿಂಗ್ ಚೈನ್ ಇವುಗಳ ಕಡೆ ನೋಡಬೇಕಾಗುತ್ತಿತ್ತು. ಪಿ0010 ಹಾಗಲ್ಲ. ಮೊದಲ ಬ್ಯಾಂಕಿನ (ಸಿಲಿಂಡರ್ ಸಾಲಿನ) ಇನ್‌ಟೇಕ್ ಕ್ಯಾಮ್ ಆಕ್ಚುಯೇಟರಿನ, ಅಂದರೆ ಆ ಸೊಲೆನಾಯ್ಡಿನ, ವಿದ್ಯುತ್ ಸರ್ಕ್ಯೂಟಿನಲ್ಲೇ ದೋಷವಿದೆ ಎಂದು ಅದು ಹೇಳುತ್ತದೆ. ಅದೊಂದೇ ಬಂದಿರುವಾಗ ಎಂಜಿನ್ ಬಿಚ್ಚುವ ಅಗತ್ಯ ನನಗೆ ಕಾಣುವುದಿಲ್ಲ.

ಸೊಲೆನಾಯ್ಡಿನ ಕನೆಕ್ಟರ್ ಕಳಚಿ ಅದರ ಎರಡು ಪಿನ್ನುಗಳ ನಡುವಿನ ರೋಧವನ್ನು ಅಳೆಯಿರಿ. ಅನೇಕ ಕಾರುಗಳಲ್ಲಿ ತಣ್ಣಗಿರುವಾಗ ಅದು 7 ಓಮ್ ಆಸುಪಾಸಿನಲ್ಲಿರುತ್ತದೆ. ನಿಮ್ಮ ಮಾದರಿಯ ನಿಖರ ಸಂಖ್ಯೆಯನ್ನು ಸರ್ವಿಸ್ ಕೈಪಿಡಿಯಲ್ಲೇ ನೋಡಿಕೊಳ್ಳಬೇಕು. ಬಿಸಿಯಾದಂತೆ ತಾಮ್ರದ ರೋಧ ಹೆಚ್ಚುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 7.5 ಓಮ್ ಇರುವ ಸುರುಳಿ 100 ಡಿಗ್ರಿಯಲ್ಲಿ ಸುಮಾರು 9.8 ಓಮ್ ತೋರಿಸುವುದು ಸಹಜವಾದುದರಿಂದ, ಬಿಸಿ ಎಂಜಿನ್ನಿನಲ್ಲಿ ಅಳೆದು ಸುರುಳಿ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ.

ಬಳಿಕ ಇಗ್ನಿಷನ್ ಆನ್ ಮಾಡಿ, ಕಳಚಿದ ಕನೆಕ್ಟರಿನ ಸಪ್ಲೈ ವೈರಿನಲ್ಲಿ ವೋಲ್ಟೇಜ್ ನೋಡಿ. ಮೀಟರ್ 12 ವೋಲ್ಟ್ ತೋರಿಸಿದ ಮಾತ್ರಕ್ಕೆ ವೈರ್ ಸರಿಯಿದೆ ಎನ್ನಲಾಗದು. ಸಾಮಾನ್ಯ ಡಿಜಿಟಲ್ ಮೀಟರಿನ ಒಳರೋಧ ಸುಮಾರು 10 ಮೆಗಾಓಮ್ ಇರುವುದರಿಂದ ಅದು ವೈರಿನಿಂದ ಕರೆಂಟನ್ನು ಎಳೆಯುವುದೇ ಇಲ್ಲವೆನ್ನಬಹುದು. ಒಳಗಿನ ಎಳೆಗಳೆಲ್ಲ ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಪೂರ್ತಿ ವೋಲ್ಟೇಜ್ ಕಾಣಿಸುತ್ತದೆ. ಸೊಲೆನಾಯ್ಡಿಗೆ ಬೇಕಾಗುವುದು ಒಂದೂವರೆ ಆಂಪಿಯರ್‌ನಷ್ಟು ಕರೆಂಟ್. ಆದ್ದರಿಂದ 21 ವ್ಯಾಟಿನ ಇಂಡಿಕೇಟರ್ ಬಲ್ಬನ್ನು ಆ ಸಪ್ಲೈ ವೈರಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಕೊಡಿ. ಅದು ಎಳೆಯುವ ಕರೆಂಟ್ ಹೆಚ್ಚುಕಡಿಮೆ ಸೊಲೆನಾಯ್ಡಿನಷ್ಟೇ ಆಗಿರುತ್ತದೆ. ಬಲ್ಬ್ ಪ್ರಕಾಶಮಾನವಾಗಿ ಉರಿಯಬೇಕು, ಉರಿಯುತ್ತಿರುವಾಗಲೇ ವೋಲ್ಟೇಜನ್ನೂ ಅಳೆಯಬೇಕು.

ಒಂದು ಎಚ್ಚರಿಕೆ: ಇಸಿಯುವಿನಿಂದ ಬರುವ ಕಂಟ್ರೋಲ್ ವೈರಿಗೆ ಈ ಬಲ್ಬನ್ನು ಎಂದಿಗೂ ಜೋಡಿಸಬೇಡಿ. ತಣ್ಣಗಿರುವ ಫಿಲಮೆಂಟ್ ಹೊತ್ತುವ ಕ್ಷಣದಲ್ಲಿ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಅದರಿಂದ ಒಳ್ಳೆಯ ಇಸಿಯು ಕೂಡ ಸುಟ್ಟುಹೋಗಬಹುದು. ಯಾವುದು ಸಪ್ಲೈ, ಯಾವುದು ಕಂಟ್ರೋಲ್ ಎಂಬುದು ಎಲ್ಲ ಕಾರುಗಳಲ್ಲಿ ಒಂದೇ ರೀತಿ ಇರುವುದಿಲ್ಲವಾದ್ದರಿಂದ ವೈರಿಂಗ್ ನಕ್ಷೆ ನೋಡದೆ ಕೈಹಾಕಬೇಡಿ.

ಎರಡನೆಯ ಉತ್ತರ:
ಮೇಲಿನ ಸಲಹೆಗೆ ಒಂದು ಮಾತು ಸೇರಿಸುತ್ತೇನೆ. ಕನೆಕ್ಟರಿನ ಒಳಗೆ ಆಯಿಲ್ ಪಸೆ ಇದೆಯೇ ನೋಡಿ. ಸೊಲೆನಾಯ್ಡಿನ ಸೀಲ್ ಸೋತರೆ ಆಯಿಲ್ ಪಿನ್ನುಗಳಿಗೆ ಬಂದು, ಅಲ್ಲಿಂದ ವೈರಿನ ಎಳೆಗಳ ಸಂದಿನಲ್ಲಿ ದೀಪದ ಬತ್ತಿಗೆ ಎಣ್ಣೆ ಏರುವಂತೆ ಏರಿ ಇಸಿಯುವಿನ ಕನೆಕ್ಟರಿನವರೆಗೂ ತಲುಪಬಲ್ಲದು. ನಾನು ನೋಡಿದ ಒಂದು ಕಾರಿನಲ್ಲಿ ಹೀಗೇ ಆಗಿತ್ತು. ಅಂತಹ ಕಡೆ ಸೊಲೆನಾಯ್ಡ್ ಬದಲಿಸಿದರೆ ಸಾಲದು, ಹಾರ್ನೆಸ್ಸಿನ (ವೈರುಗಳ ಕಟ್ಟಿನ) ಆ ಭಾಗವನ್ನೂ ಬದಲಿಸಬೇಕಾಗುತ್ತದೆ. ಇನ್‌ಟೇಕ್ ಮತ್ತು ಎಕ್ಸಾಸ್ಟ್ ಸೊಲೆನಾಯ್ಡ್‌ಗಳು ಒಂದೇ ಪಾರ್ಟ್ ನಂಬರಿನವಾಗಿದ್ದರೆ ಅದಲುಬದಲು ಮಾಡಿ ನೋಡಬಹುದು. ಕೋಡ್ ಪಿ0013ಕ್ಕೆ (ಎಕ್ಸಾಸ್ಟ್ ಕಡೆಯ ಅದೇ ಬಗೆಯ ದೋಷ) ಬದಲಾದರೆ ದೋಷ ಸೊಲೆನಾಯ್ಡಿನದು, ಪಿ0010 ಆಗಿಯೇ ಉಳಿದರೆ ಸೊಲೆನಾಯ್ಡಿನಾಚೆ ಹುಡುಕಬೇಕು.

ಪ್ರಶ್ನೆ ಕೇಳಿದವರಿಂದ:
ಇಬ್ಬರಿಗೂ ಧನ್ಯವಾದಗಳು. ಕನೆಕ್ಟರಿನಲ್ಲಿ ಆಯಿಲ್ ಇಲ್ಲ. ಸುರುಳಿ ತಣ್ಣಗಿರುವಾಗ 7.4 ಓಮ್ ಇದೆ, ಅದು ಕೈಪಿಡಿಯ ಮಿತಿಯೊಳಗೇ ಇದೆ. ಸಪ್ಲೈ ವೈರಿನಲ್ಲಿ ಮೀಟರ್ 12.3 ವೋಲ್ಟ್ ತೋರಿಸಿತು, ಆದರೆ ಬಲ್ಬ್ ಜೋಡಿಸಿದ ಕೂಡಲೇ ಅದು 8 ವೋಲ್ಟಿಗೆ ಇಳಿದು ಬೆಳಕು ಮಂಕಾಯಿತು. ಮುಂದೇನು ಮಾಡಲಿ?

ಮೊದಲ ಉತ್ತರ ಬರೆದವರಿಂದ:
ದೋಷ ಸಪ್ಲೈ ಕಡೆಯೇ ಇದೆ. ಬಲ್ಬ್ ಉರಿಯುತ್ತಿರುವಂತೆಯೇ ಮೀಟರಿನ ಕೆಂಪು ಮೊನೆಯನ್ನು ಬ್ಯಾಟರಿಯ ಪಾಸಿಟಿವ್‌ನಲ್ಲಿಟ್ಟು, ಕಪ್ಪು ಮೊನೆಯನ್ನು ಕ್ರಮವಾಗಿ ಫ್ಯೂಸಿನ ಎರಡು ಬದಿ, ರಿಲೇಯ ಪಿನ್ನುಗಳು, ನಡುವಿನ ಕನೆಕ್ಟರ್‌ಗಳು, ಕೊನೆಗೆ ಸೊಲೆನಾಯ್ಡಿನ ಕನೆಕ್ಟರ್ ಹೀಗೆ ಸರಿಸುತ್ತ ಹೋಗಿ. ಸರಿಯಿರುವ ಭಾಗದಲ್ಲಿ ಮೀಟರಿನ ಓದು ಒಂದು ವೋಲ್ಟಿನ ಸಣ್ಣ ಅಂಶದಷ್ಟೇ ಇರುತ್ತದೆ. ಅದು ಎಲ್ಲಿ ಒಮ್ಮೆಲೇ ನಾಲ್ಕು ವೋಲ್ಟಿನ ಕಡೆಗೆ ಜಿಗಿಯುತ್ತದೆಯೋ, ಅದಕ್ಕೂ ಹಿಂದಿನ ಬಿಂದುವಿಗೂ ನಡುವೆ ನಿಮ್ಮ ದೋಷವಿದೆ. ಜಿಗಿತ ಕೊನೆಯ ಹಂತದಲ್ಲಿ ಕಂಡರೆ ಹಾರ್ನೆಸ್ ಎಂಜಿನ್ನಿನ ಬ್ರಾಕೆಟ್ಟಿಗೆ ಉಜ್ಜುವ ಜಾಗ ಮತ್ತು ಚೂಪಾಗಿ ಬಾಗಿರುವ ಜಾಗಗಳನ್ನು ಕೈಯಿಂದ ಮೆಲ್ಲಗೆ ಅಲುಗಿಸಿ, ಬಲ್ಬಿನ ಬೆಳಕು ಮಿನುಗುತ್ತದೆಯೇ ಗಮನಿಸಿ. ಹೊರಗಿನ ಪದರ ಚೆನ್ನಾಗಿದ್ದರೂ ಒಳಗಿನ ತಾಮ್ರ ಹಸಿರುಗಟ್ಟಿರಬಹುದು.

ಜಾಗ ಸಿಕ್ಕ ಮೇಲೆ ಬ್ಯಾಟರಿ ಕಳಚಿ, ಹೊಳೆಯುವ ತಾಮ್ರ ಸಿಗುವವರೆಗೆ ವೈರನ್ನು ಹಿಂದಕ್ಕೆ ಕತ್ತರಿಸಿ, ಅದೇ ದಪ್ಪದ, ಶಾಖ ತಡೆಯುವ ವೈರನ್ನು ಸೇರಿಸಿ, ಜೋಡಣೆಯ ಮೇಲೆ ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಟ್ಯೂಬ್ (ಬಿಸಿ ಮಾಡಿದರೆ ಕುಗ್ಗುವ ಕೊಳವೆ) ಹಾಕಿ. ತಿರುಚಿ ಟೇಪ್ ಸುತ್ತಿದ ಜೋಡಣೆ ಎಂಜಿನ್ನಿನ ಅದುರುವಿಕೆಗೆ ನಿಲ್ಲುವುದಿಲ್ಲ. ಕೋಡ್ ಅಳಿಸಿ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ಓಡಿಸಿ, ಆ ಬಿಸಿಯಲ್ಲೇ ಬಲ್ಬ್ ಪರೀಕ್ಷೆಯನ್ನು ಮತ್ತೆ ಮಾಡಿ. ಆಗಲೂ ವೋಲ್ಟೇಜ್ ಗಟ್ಟಿಯಾಗಿ ನಿಂತು ಕೋಡ್ ಮರಳಿ ಬಂದರೆ, ಇಸಿಯುವಿನ ಕನೆಕ್ಟರ್ ಕಳಚಿ ಕಂಟ್ರೋಲ್ ವೈರನ್ನು ತುದಿಯಿಂದ ತುದಿಗೆ ಪರೀಕ್ಷಿಸಿ ಅಳತೆಗಳನ್ನು ಇಲ್ಲಿ ಬರೆಯಿರಿ. ಆ ವೈರೂ ಸರಿಯಿದೆ ಎಂದು ಖಚಿತವಾದ ಮೇಲೆ ಇಸಿಯುವಿನ ಬಗ್ಗೆ ಯೋಚಿಸೋಣ.